ಉಪ್ಪುನೀರಿನ ತೊಟ್ಟಿಯ ಬಡಪಾಯಿಗಳು

ಇಕ್ಕಳದಕ್ಕನ ಪಾಲಿಗೆ ಬೆಳಗಿನ ಹತ್ತು ಗಂಟೆ ಎಂದರೆ ಸರಿರಾತ್ರಿ. ಅವಳು ಕೆಲಸ ಮಾಡುತ್ತಿದ್ದ ಸಿಗಡಿ ಮರಿ ಕೇಂದ್ರದಲ್ಲಿ ತಾಯಿ ಸಿಗಡಿಗಳ ಕೋಣೆಗೆ ಒಂದೂ ಕಿಟಕಿಯಿರಲಿಲ್ಲ. ಹೆಣ್ಣು ಸಿಗಡಿ ಕತ್ತಲಾಗದೆ ಮೊಟ್ಟೆಯಿಡುವುದಿಲ್ಲ, ಕೆಲಸದವರೋ ಕತ್ತಲಾದ ಮೇಲೆ ಕೆಲಸ ಮಾಡುವುದಿಲ್ಲ. ಇಬ್ಬರಲ್ಲಿ ಸಿಗಡಿಗೆ ಮೋಸ ಮಾಡುವುದೇ ಸುಲಭವೆಂದು ಧಣಿ ದೀಪಗಳಿಗೆ ಒಂದು ಯಂತ್ರ ಹಾಕಿಸಿ, ಆ ಕೋಣೆಯ ಹಗಲನ್ನೂ ರಾತ್ರಿಯನ್ನೂ ಅದಲುಬದಲು ಮಾಡಿಸಿದ್ದ. ಹೊರಗೆ ಲಾರಿಗಳು ಹಾರನ್ ಹೊಡೆಯುವ ಹೊತ್ತಿಗೆ ಒಳಗೆ ಒಂದು ಮಂದ ಕೆಂಪು ದೀಪ, ಕಪ್ಪು ಬಣ್ಣದ ದುಂಡು ತೊಟ್ಟಿಗಳು, ಗಾಳಿ ಕೊಳವೆಗಳ ಗುಳುಗುಳು. ಅಲ್ಲಿ ಕಾಲಿಟ್ಟವರೆಲ್ಲ ತಮಗೆ ಗೊತ್ತಿಲ್ಲದಂತೆಯೇ ಪಿಸುಮಾತಿಗೆ ಇಳಿಯುತ್ತಿದ್ದರು. ಧಣಿಯೂ ಅಲ್ಲಿ ಬೈಯಬೇಕಾದರೆ ಪಿಸುಗುಟ್ಟಿಯೇ ಬೈಯುತ್ತಿದ್ದ, ಹಾಗಾಗಿ ಅವನ ಬೈಗುಳ ಯಾರಿಗೂ ತಾಗುತ್ತಿರಲಿಲ್ಲ.

ಆ ಕೋಣೆಯ ರಾಣಿ ಅಕ್ಕ. ಹತ್ತೊಂಬತ್ತು ವರ್ಷದ ಆಳ್ವಿಕೆ. ಒಂದು ಕೈಯಲ್ಲಿ ಟಾರ್ಚು ಹಿಡಿದು, ನೀರಿಗೆ ಬಗ್ಗಿ, ಪಟ್ಟೆ ಸಿಗಡಿಯ ಬೆನ್ನಿನ ಮೇಲೆ ಬೆಳಕು ಹಾಯಿಸಿದಳೆಂದರೆ ಚಿಪ್ಪಿನೊಳಗಿನ ಅಂಡಾಶಯ ಹಸಿರು ಗೆರೆಯಂತೆ ಕಾಣುತ್ತಿತ್ತು. ಗೆರೆ ತೆಳ್ಳಗಿದ್ದರೆ ಇನ್ನೂ ಕಾಯಿ. ದಪ್ಪವಾಗಿ, ಬೆನ್ನಿನ ಮೊದಲ ಮಡಿಕೆಯಲ್ಲಿ ಎರಡೂ ಕಡೆಗೆ ಉಬ್ಬಿದರೆ ಹಣ್ಣು. ಇವಳದ್ದು ಇವತ್ತು, ಅವಳದ್ದು ನಾಳಿದ್ದು, ಆ ಮೂಲೆಯವಳು ಬರೀ ನಾಟಕ ಆಡುತ್ತಿದ್ದಾಳೆ ಎಂದು ಅಕ್ಕ ಹೇಳಿದರೆ ಆಯಿತು, ಅದಕ್ಕೆ ಎರಡನೆಯ ಮಾತಿರಲಿಲ್ಲ.

ಇನ್ನೊಂದು ಕೈಯ ಕೆಲಸ ಇಕ್ಕಳದ್ದು. ಸಮುದ್ರದಿಂದ ಹಿಡಿದು ತಂದ ಹೆಣ್ಣಿಗೆ ಸಿಮೆಂಟು ತೊಟ್ಟಿಯಲ್ಲಿ ಮೊಟ್ಟೆ ಕಟ್ಟುವ ಮನಸ್ಸು ಸುಲಭಕ್ಕೆ ಬರುವುದಿಲ್ಲ. ಸಿಗಡಿಯ ಕಣ್ಣು ಇರುವುದು ಒಂದು ಸಣ್ಣ ದಂಟಿನ ತುದಿಯಲ್ಲಿ. ಆ ದಂಟಿನೊಳಗೆ ಒಂದು ಗ್ರಂಥಿ ಕೂತಿದೆ. ಅದರ ರಸ ಅಂಡಾಶಯಕ್ಕೆ ಹೇಳುವುದು ಒಂದೇ ಮಾತು: ಈಗ ಬೇಡ. ಸೊಸೆ ಏನು ಕೇಳಿದರೂ ಬೇಡ ಎನ್ನುವ ಅತ್ತೆಯಿದ್ದ ಹಾಗೆ ಎಂದು ಅಕ್ಕ ಹೊಸಬರಿಗೆ ಪಾಠ ಹೇಳುತ್ತಿದ್ದಳು. ಎರಡು ಕಣ್ಣಿಗೆ ಎರಡು ಅತ್ತೆಯರು. ಕಾದ ಇಕ್ಕಳದಿಂದ ಒಂದು ದಂಟನ್ನು ಚಿವುಟಿದರೆ ಒಬ್ಬ ಅತ್ತೆ ಹೋದಳು, ಉಳಿದವಳ ಜೋರು ನಡೆಯುವುದಿಲ್ಲ. ವಾರದೊಳಗೆ ಬೆನ್ನು ಹಸಿರಾಗುತ್ತದೆ. ಎರಡನ್ನೂ ಚಿವುಟಿದರೆ ಸೊಸೆಯೇ ಸತ್ತುಹೋಗುತ್ತಾಳೆ. ಪ್ರತಿಯೊಂದು ಸಲ ಇಕ್ಕಳ ಒತ್ತುವಾಗಲೂ ಅಕ್ಕ "ಇನ್ನೊಂದಿದೆಯಲ್ಲ, ಸುಮ್ನಿರು" ಎಂದು ಸಿಗಡಿಯನ್ನು ಗದರಿಸುತ್ತಿದ್ದಳು, ಆಮೇಲೆ ಅದಕ್ಕೇ ಎಲ್ಲರಿಗಿಂತ ಮೊದಲು ಒಳ್ಳೆಯ ತುಂಡು ಎಸೆಯುತ್ತಿದ್ದಳು.

ಅದೇ ಅವಳ ದೌರ್ಬಲ್ಯ. ಯಾರು ಸೊರಗಿದ್ದಾರೆಂದು ಕಂಡರೂ ಅಕ್ಕನ ಕೈ ತಾನೇ ತಾನಾಗಿ ಆ ಕಡೆ ಚಾಚುತ್ತಿತ್ತು. ಮನೆಯಲ್ಲೂ ಇದೇ ಕಥೆ. ಇಬ್ಬರು ಹೆಣ್ಣುಮಕ್ಕಳು. ಹಿರಿಯವಳು ಕಲ್ಲು ತಿಂದು ಕಲ್ಲು ಅರಗಿಸಿಕೊಳ್ಳುವ ಜೀವ. ಕಿರಿಯವಳು ತಿಂಗಳು ತುಂಬುವ ಮೊದಲೇ ಹುಟ್ಟಿ, ಕೆಮ್ಮಿ, ಎಲ್ಲರನ್ನೂ ಹೆದರಿಸಿದವಳು. ಅಂದಿನಿಂದ ಕಿರಿಯವಳಿಗೆ ಎರಡು ಮೊಟ್ಟೆ, ಹಿರಿಯವಳಿಗೆ ಒಂದು. ಈಗ ಹಿರಿಯವಳಿಗೆ ಮೂವತ್ತು, ದೋಣಿ ಕಟ್ಟೆಯಲ್ಲಿ ಟಿಕೆಟ್ ಕೊಡುತ್ತಾಳೆ. ಕಿರಿಯವಳಿಗೆ ಇಪ್ಪತ್ತೇಳು, ಹೊಲಿಗೆ ಅಂಗಡಿಯಲ್ಲಿದ್ದಾಳೆ, ತೂಕದಲ್ಲಿ ಹಿರಿಯವಳನ್ನು ಹಿಂದೆ ಹಾಕಿ ವರ್ಷಗಳೇ ಆದವು. ಮೊಟ್ಟೆಯ ಲೆಕ್ಕ ಮಾತ್ರ ಬದಲಾಗಿರಲಿಲ್ಲ. ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದು ಕಣ್ಣಿಗೆ ಸುಣ್ಣ ಎಂದು ಹಿರಿಯವಳು ಆಗಾಗ ಗೊಣಗುತ್ತಿದ್ದಳು. ಗಟ್ಟಿಮುಟ್ಟಾಗಿದ್ದೀಯಲ್ಲ, ನಿನಗೇನು ದಾಡಿ ಎಂದು ಅಕ್ಕ ಬಾಯಿ ಮುಚ್ಚಿಸುತ್ತಿದ್ದಳು.

ಇಂಥ ಸುಖಸಂಸಾರದ ನಡುವೆ ಡಾಕ್ಟರಮ್ಮ ಬಂದಳು. ರೋಗಿಗಳ ಡಾಕ್ಟರಲ್ಲ, ಓದಿ ಓದಿ ಆದ ಡಾಕ್ಟರು. ಹಿರಿಯ ಮಗಳ ವಯಸ್ಸು, ಮೂಗಿನ ಮೇಲೆ ನಿಲ್ಲದ ಕನ್ನಡಕ, ಜೇಬಿನಲ್ಲಿ ಸದಾ ಬಿಸ್ಕತ್ತಿನ ಪುಡಿ. ಅವಳು ತಂದದ್ದು ಒಂದು ಸೂಜಿಮದ್ದು. ಇನ್ನು ಕಣ್ಣು ಚಿವುಟುವುದೇ ಬೇಡ ಎಂದು ಅವಳು ಧಣಿಗೆ ಹೇಳಿದಳಂತೆ. ಮದ್ದು ಗೆದ್ದರೆ ಇಕ್ಕಳವನ್ನು ಗುಜರಿಗೆ ಹಾಕುವುದು, ಅಕ್ಕನನ್ನು ಪ್ಯಾಕಿಂಗ್ ಶೆಡ್ಡಿಗೆ ಕಳಿಸುವುದು ಎಂದು ಧಣಿ ತೀರ್ಮಾನಿಸಿದನಂತೆ. ಪ್ಯಾಕಿಂಗ್ ಶೆಡ್ಡು ಎಂದರೆ ಕಣ್ಣು ಕುಕ್ಕುವ ಟ್ಯೂಬ್‌ಲೈಟು, ಮೊಣಕೈವರೆಗೆ ಮಂಜುಗಡ್ಡೆ, ಕಿವಿ ಕಿತ್ತುಹೋಗುವ ಗದ್ದಲ. ಅಲ್ಲಿ ಎರಡು ವರ್ಷ ದುಡಿದವರ ಬೆರಳು ಮತ್ತೆ ನೆಟ್ಟಗಾಗುತ್ತಿರಲಿಲ್ಲ. ಐವತ್ತೆರಡರ ಅಕ್ಕನಿಗೆ ತನ್ನ ಕತ್ತಲ ಕೋಣೆ ಬಿಟ್ಟು ಅಲ್ಲಿಗೆ ಹೋಗುವುದೆಂದರೆ ಬದುಕಿದ್ದೂ ಸತ್ತಂತೆ.

ಆದರೂ ಮದ್ದು ಏನು ಮಾಡುತ್ತದೆಂದು ಕೇಳದೆ ಇರಲು ಆಗಲಿಲ್ಲ. ಡಾಕ್ಟರಮ್ಮ ಬಿಸ್ಕತ್ತು ಮುರಿಯುತ್ತ ಚೆನ್ನಾಗಿಯೇ ಹೇಳಿದಳು. ಗ್ರಂಥಿ ಸುಮ್ಮನೆ ರಸ ಮಾಡುವುದಿಲ್ಲ. ಜೀವಕೋಶದ ಒಳಗಿನಿಂದ ಒಂದು ಚೀಟಿ ಬರುತ್ತದೆ, ಅದರಲ್ಲಿ ಬರೆದಂತೆ ರಸ ತಯಾರಾಗುತ್ತದೆ. ತನ್ನ ಮದ್ದು ಕಣ್ಣನ್ನೂ ಮುಟ್ಟದು, ಗ್ರಂಥಿಯನ್ನೂ ಮುಟ್ಟದು, ಆ ಚೀಟಿಯನ್ನು ಮಾತ್ರ ದಾರಿಯಲ್ಲೇ ಹಿಡಿದು ಹರಿದುಹಾಕುತ್ತದೆ. ಬೇಡ ಎಂಬ ಮಾತು ಅಂಡಾಶಯಕ್ಕೆ ತಲುಪುವುದೇ ಇಲ್ಲ.

"ಅಂದ್ರೆ ಅತ್ತೆನ ಕೊಲ್ಲಲ್ಲ, ಅತ್ತೆ ಕಾಗದ ಕದೀತೀರಿ," ಎಂದಳು ಅಕ್ಕ.

ಮೂರು ವರ್ಷದಿಂದ ಇದನ್ನೇ ವಿವರಿಸುತ್ತಿದ್ದೇನೆ, ಇಷ್ಟು ಚೆನ್ನಾಗಿ ಯಾರೂ ಹೇಳಿರಲಿಲ್ಲ ಎಂದು ಡಾಕ್ಟರಮ್ಮ ಅದನ್ನು ಪುಸ್ತಕದಲ್ಲಿ ಬರೆದುಕೊಂಡಳು. ಅಕ್ಕನಿಗೆ ಒಳಗೊಳಗೇ ಖುಷಿಯಾಯಿತು, ಖುಷಿಯಾದದ್ದಕ್ಕೆ ಸಿಟ್ಟೂ ಬಂತು.

ಪರೀಕ್ಷೆಗೆ ಮೂರು ತೊಟ್ಟಿ, ತೊಟ್ಟಿಗೆ ಹತ್ತು ಹೆಣ್ಣು, ಮೂವತ್ತು ದಿನ. ಮೊದಲನೆಯದು ಇಕ್ಕಳದ ತೊಟ್ಟಿ, ಅಕ್ಕ ಒಂದೊಂದು ಕಣ್ಣು ಚಿವುಟಿದಳು. ಎರಡನೆಯದು ಮದ್ದಿನ ತೊಟ್ಟಿ. ಮೂರನೆಯದರ ಹೆಣ್ಣುಗಳಿಗೂ ಡಾಕ್ಟರಮ್ಮ ಸೂಜಿ ಚುಚ್ಚಿದಳು, ಆದರೆ ಸೂಜಿಯಲ್ಲಿ ಇದ್ದದ್ದು ಬರೀ ಉಪ್ಪುನೀರು. ಅಕ್ಕನಿಗೆ ಇದು ಅರ್ಥವಾಗಲಿಲ್ಲ. ಸುಮ್ಮನೆ ಚುಚ್ಚಿದರೂ ಮೊಟ್ಟೆ ಕಟ್ಟುತ್ತದೆಯೋ ಎಂದು ನೋಡಬೇಕಲ್ಲ, ಹೋಲಿಸಲು ಏನೂ ಸಿಗದ ಒಂದು ಗುಂಪು ಬೇಕೇ ಬೇಕು ಎಂದು ಡಾಕ್ಟರಮ್ಮ ಎರಡು ಸಲ ಬಿಡಿಸಿ ಹೇಳಿದಳು. ಅಕ್ಕನ ಕಿವಿಗೆ ಬಿದ್ದದ್ದು ಇಷ್ಟೇ: ಇವರನ್ನು ಚುಚ್ಚಿದ್ದಾರೆ, ಕೊಟ್ಟದ್ದು ಮಾತ್ರ ಏನೂ ಇಲ್ಲ.

ಮೂರೂ ತೊಟ್ಟಿಗೆ ಡಾಕ್ಟರಮ್ಮ ತೂಗಿ ಕೊಟ್ಟ ಮೇವು ಒಂದೇ, ಅದನ್ನು ಹಾಕುವ ಕೆಲಸ ಅಕ್ಕನದು. ಮೊದಲ ವಾರ ಅವಳು ಉಪ್ಪುನೀರಿನ ತೊಟ್ಟಿಗೆ ಎರಡು ತುಂಡು ಹೆಚ್ಚು ಹಾಕಿದಳು, ಆ ಎರಡು ತುಂಡನ್ನು ಮದ್ದಿನ ತೊಟ್ಟಿಯ ಪಾಲಿನಿಂದ ತೆಗೆದಳು. ಅವುಗಳಿಗೇನು ಕಡಿಮೆ, ದೊಡ್ಡ ದೊಡ್ಡ ಮದ್ದು ಚುಚ್ಚಿಸಿಕೊಂಡು ಕೂತಿವೆ. ಎರಡನೆಯ ವಾರ ಒಂದು ಹಳೆಯ ಕಪ್ಪು ಕಂಬಳಿ ತಂದು, ಗಾಳಿಗೆ ತಣ್ಣಗಾಗುತ್ತದೆ ಎಂಬ ನೆಪದಲ್ಲಿ ಆ ತೊಟ್ಟಿಯ ಅರ್ಧಕ್ಕೆ ಹೊದಿಸಿದಳು. ಆಮೇಲೆ ಇಳಿತದ ಹೊತ್ತಿಗೆ ಕಡಲಂಚಿನ ಕೆಸರಿನಲ್ಲಿ ತಾನೇ ಕೂತು ಕಡಲಹುಳು ಅಗೆಯತೊಡಗಿದಳು. ಮೊಟ್ಟೆ ಕಟ್ಟುವ ಸಿಗಡಿಗೆ ಆ ಕೆಂಪು ಹುಳುವಿಗಿಂತ ದೊಡ್ಡ ಔತಣ ಇಲ್ಲವೆಂದು ಹತ್ತೊಂಬತ್ತು ವರ್ಷದಲ್ಲಿ ಅವಳು ಕಂಡುಕೊಂಡಿದ್ದಳು. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರೆ, ಇಲ್ಲಿ ಕೈ ಅವಳದು, ಬಾಯಿ ಸಿಗಡಿಯದು. ಹುಳುಗಳನ್ನು ಊಟದ ಸ್ಟೀಲ್ ಡಬ್ಬಿಯಲ್ಲಿ ತುಂಬಿ ಕೋಣೆಗೆ ಒಯ್ಯುತ್ತಿದ್ದಳು. ಊಟದ ಡಬ್ಬಿಯನ್ನು ಬಾಗಿಲಲ್ಲಿ ಯಾರೂ ತೆಗೆದು ನೋಡುವುದಿಲ್ಲ.

ಮನೆಯಲ್ಲಿದ್ದದ್ದು ಒಂದೇ ಅಚ್ಚಿನ ಮೂರು ಡಬ್ಬಿಗಳು. ಮುಚ್ಚಳದ ಮೇಲೆ ಮೊಳೆಯಿಂದ ಗೀಚಿದ ಗುರುತು ಮಾತ್ರ ಬೇರೆ: ಅಮ್ಮನದು ಸುತ್ತು, ಹಿರಿಯವಳದು ಒಂದು ಗೆರೆ, ಕಿರಿಯವಳದು ಎರಡು. ಒಂದು ದಿನ ಗಡಿಬಿಡಿಯಲ್ಲಿ ಹಿರಿಯವಳು ಸುತ್ತಿನ ಡಬ್ಬಿ ಎತ್ತಿಕೊಂಡು ಹೋದಳು. ಮಧ್ಯಾಹ್ನ ಟಿಕೆಟ್ ಕಿಂಡಿಯ ಹಿಂದೆ ಮುಚ್ಚಳ ತೆಗೆದರೆ ಊಟ ತಾನೇ ಎದ್ದು ಹೊರಗೆ ಬರುತ್ತಿದೆ. ಸರದಿಯ ಮೊದಲಿಗಿದ್ದ ಹೆಂಗಸೊಬ್ಬಳು ಚಿಲ್ಲರೆಯನ್ನೂ ಬಿಟ್ಟು ಓಡಿದಳು. ಹಿರಿಯವಳು ಸಂಜೆ ಮನೆಗೆ ಬಂದು ಡಬ್ಬಿಯನ್ನು ಮೇಜಿನ ಮೇಲೆ ಇಟ್ಟು, ಯಾರಿಗೆ ಈ ಊಟ ಎಂದು ಕೇಳಿದಳು. ಅಕ್ಕ ನಕ್ಕೂ ನಕ್ಕೂ ಎಲ್ಲವನ್ನೂ ಹೇಳಿದಳು.

ಹಿರಿಯವಳು ನಗಲಿಲ್ಲ. "ಸರಿ. ಈ ಸಲ ತಂಗಿ ಉಪ್ಪುನೀರಿನ ತೊಟ್ಟೀಲಿದಾಳೆ ಅನ್ನು," ಎಂದು ಹೇಳಿ ಒಳಗೆ ಹೋದಳು. ಅದನ್ನು ಯೋಚಿಸುವ ಪುರಸೊತ್ತು ಅಂದು ಅಕ್ಕನಿಗಿರಲಿಲ್ಲ, ನೀರು ಏರುವ ಮೊದಲು ಹುಳು ಅಗೆಯಬೇಕಿತ್ತು.

ಮೂವತ್ತನೆಯ ದಿನ ಡಾಕ್ಟರಮ್ಮ ಕರಿಹಲಗೆಯ ಮೇಲೆ ಬರೆದಳು. ಇಕ್ಕಳದ ತೊಟ್ಟಿ: ಎಂಟು ಹೆಣ್ಣುಗಳು ಮೊಟ್ಟೆಯಿಟ್ಟವು, ಎರಡು ಸತ್ತವು. ಮದ್ದಿನ ತೊಟ್ಟಿ: ಆರು. ಉಪ್ಪುನೀರಿನ ತೊಟ್ಟಿ: ಆರು. ಕೊನೆಯ ಆರನ್ನು ಬರೆಯುವಾಗ ಸುಣ್ಣದ ಕಡ್ಡಿ ಮುರಿಯಿತು. ಅಲ್ಲಿ ಒಂದು, ಹೆಚ್ಚೆಂದರೆ ಎರಡು ಬರಬೇಕಿತ್ತು. ತನ್ನ ಮೂರು ವರ್ಷದ ಮದ್ದಿಗೂ ಬರೀ ನೀರಿಗೂ ಒಂದು ಸಿಗಡಿಯ ವ್ಯತ್ಯಾಸವೂ ಇಲ್ಲ. ಉಪ್ಪುನೀರಿನಿಂದಲೇ ಕೆಲಸ ಆಗುವುದಾದರೆ ಹೊರಗೆ ಒಂದು ಸಮುದ್ರವೇ ಬಿದ್ದಿದೆಯಲ್ಲ ಎಂದು ಧಣಿ ಪಿಸುಗುಟ್ಟಿದ. ಮೊದಲ ಬಾರಿಗೆ ಅವನ ಪಿಸುಮಾತು ಒಬ್ಬರಿಗೆ ತಾಗಿತು. ಶನಿವಾರದೊಳಗೆ ಸಾಮಾನು ಕಟ್ಟಿಕೊಳ್ಳಲು ಅವಳಿಗೆ ಹೇಳಿದ, ಇಕ್ಕಳ ಮುಂದುವರಿಯಲಿ ಎಂದು ಅಕ್ಕನಿಗೆ ಹೇಳಿದ.

ಅಕ್ಕ ಗೆದ್ದಿದ್ದಳು. ಕೋಣೆ ಉಳಿಯಿತು, ಬೆರಳು ಉಳಿಯಿತು. ಮನೆಗೆ ಹೋಗಿ ಊಟಕ್ಕೆ ಕೂತಾಗ ಇಬ್ಬರು ಮಕ್ಕಳ ಮುಂದೆ ಕರಿಹಲಗೆಯ ಕಥೆಯನ್ನು ಉಪ್ಪುಖಾರ ಹಚ್ಚಿ ಹೇಳಿದಳು. ಆ ಹುಡುಗಿಯ ಮದ್ದಿನಲ್ಲಿ ಸತ್ವವೇ ಇರಲಿಲ್ಲ ಎಂದು ಮುಗಿಸಿದಳು.

ಹಿರಿಯವಳು ತನ್ನ ತಟ್ಟೆಯ ಒಂದು ಮೊಟ್ಟೆಯನ್ನು ಸುಲಿಯುತ್ತ, ತಲೆ ಎತ್ತದೆ ಹೇಳಿದಳು: "ಮದ್ದಲ್ಲಿ ಸತ್ವ ಇತ್ತೋ ಇಲ್ವೋ ನಿಂಗೆ ಹೇಗೆ ಗೊತ್ತಾಗ್ಬೇಕಮ್ಮ? ಅವುಕ್ಕೆ ಕಡಿಮೆ ಹಾಕಿದೀಯ. ಕಡಿಮೆ ತಿಂದೂ ಆರು ಮೊಟ್ಟೆಯಿಟ್ವು. ಪೂರ್ತಿ ತಿಂದಿದ್ರೆ ಏನಾಗ್ತಿತ್ತೋ, ನೀನು ನೋಡ್ಲೇ ಇಲ್ಲ."

ಅವಳು ಸಿಗಡಿಯ ಮಾತಾಡುತ್ತಿಲ್ಲವೆಂದು ಅಕ್ಕನಿಗೂ ಗೊತ್ತಾಯಿತು, ಎರಡನೆಯ ಮೊಟ್ಟೆಯನ್ನು ಬಾಯಿಗೆ ಇಡುತ್ತಿದ್ದ ಕಿರಿಯವಳಿಗೂ ಗೊತ್ತಾಯಿತು. ಅಕ್ಕ ಎತ್ತಿದ ತುತ್ತನ್ನು ತಟ್ಟೆಗೇ ಇಟ್ಟಳು. ಸತ್ಯವನ್ನು ನುಂಗುವಂತಿಲ್ಲ, ಉಗುಳುವಂತಿಲ್ಲ. ಹೇಳಿದರೆ ಪರೀಕ್ಷೆ ಮತ್ತೆ ಆಗುತ್ತದೆ, ಮದ್ದು ಗೆಲ್ಲಬಹುದು, ತಾನು ಮಂಜುಗಡ್ಡೆಗೆ ಕೈ ಹಾಕಬೇಕಾಗಬಹುದು. ಹೇಳದಿದ್ದರೆ ಯಾರಿಗೂ ತಿಳಿಯುವುದಿಲ್ಲ. ಮಲಗಿದ ಮೇಲೂ ಅವಳ ಕಣ್ಣ ಮುಂದೆ ಬಂದದ್ದು ಶೆಡ್ಡಲ್ಲ, ಮುರಿದ ಸುಣ್ಣದ ಕಡ್ಡಿ ಹಿಡಿದು ನಿಂತಿದ್ದ ಆ ಹುಡುಗಿ, ಅವಳ ಪಕ್ಕದಲ್ಲಿ ಒಂದೇ ಮೊಟ್ಟೆ ಸುಲಿಯುತ್ತಿದ್ದ ತನ್ನ ಹಿರಿಯವಳು.

ಮರುದಿನ ಹತ್ತು ಗಂಟೆಯ ಸರಿರಾತ್ರಿಯಲ್ಲಿ ಡಾಕ್ಟರಮ್ಮ ಸೂಜಿಗಳನ್ನು ಹತ್ತಿಯಲ್ಲಿ ಸುತ್ತಿ ಪೆಟ್ಟಿಗೆಗೆ ತುಂಬುತ್ತಿದ್ದಳು. ಕಣ್ಣು ಊದಿಕೊಂಡಿತ್ತು. ಅಕ್ಕ ಸುತ್ತಿನ ಡಬ್ಬಿಯನ್ನು ಅವಳ ಮುಂದಿಟ್ಟಳು. ಬೀಳ್ಕೊಡುಗೆಯ ಊಟವೆಂದುಕೊಂಡ ಹುಡುಗಿ, ಇಷ್ಟು ಪ್ರೀತಿ ಇದೆಯೆಂದು ಗೊತ್ತೇ ಇರಲಿಲ್ಲ ಎಂದು ಹೇಳುತ್ತ ಮುಚ್ಚಳ ತೆಗೆದಳು. ಆಮೇಲೆ ಕನ್ನಡಕ ತೆಗೆದು ಒರೆಸಿ ಹಾಕಿಕೊಂಡು ಮತ್ತೆ ನೋಡಿದಳು.

"ನಿಮಗಲ್ಲ," ಎಂದಳು ಅಕ್ಕ. "ಉಪ್ಪುನೀರಿನ ತೊಟ್ಟಿಗೆ ದಿನಾ ಹಾಕ್ತಿದ್ದೆ. ನಿಮ್ಮ ಮದ್ದಿನವರ ತಟ್ಟೆಯಿಂದಲೂ ಕದ್ದು ಹಾಕ್ದೆ. ಪಾಪ ಅನಿಸ್ತು. ನಿಮ್ಮ ಮದ್ದು ಸೋತಿಲ್ಲ, ನಾನೇ ಸೋಲಿಸಿದ್ದು."

ಬೈಗುಳ ಬರುತ್ತದೆಂದು ಅಕ್ಕ ತಲೆ ತಗ್ಗಿಸಿ ಕಾದಳು. ಬಂದದ್ದು ಪಿಸುಮಾತಿನ ಒಂದು ಪ್ರಶ್ನೆ: "ದಿನಕ್ಕೆ ಎಷ್ಟು ಗ್ರಾಂ?"

ಗ್ರಾಂ ಗೊತ್ತಿಲ್ಲ, ಒಂದು ಡಬ್ಬಿ ಎಂದಳು ಅಕ್ಕ. ಕಂಬಳಿಯ ವಿಷಯವನ್ನೂ ಹೇಳಿದಳು. ಹುಡುಗಿ ಡಬ್ಬಿಯನ್ನು ತಕ್ಕಡಿಯ ಮೇಲಿಟ್ಟು ತೂಗಿ, ಬರೆದುಕೊಂಡು, ಆಮೇಲೆಯೇ ಸಿಟ್ಟಾದಳು. ಎರಡು ದಿನ ಅಕ್ಕನ ಜೊತೆ ಮಾತು ಬಿಟ್ಟಳು. ಮೂರನೆಯ ದಿನ ಧಣಿಯ ಮುಂದೆ ನಿಂತು, ತಪ್ಪು ಲೆಕ್ಕ ತನ್ನದೇ, ಇನ್ನೊಂದು ತಿಂಗಳು ಬೇಕು ಎಂದಷ್ಟೇ ಹೇಳಿದಳು. ಅಕ್ಕನ ಹೆಸರು ಎತ್ತಲಿಲ್ಲ. ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡ ಅಕ್ಕನಿಗೆ ಬೈಸಿಕೊಂಡಿದ್ದರೇ ಚೆನ್ನಾಗಿತ್ತು ಅನಿಸಿತು.

ಈ ಸಲ ತೊಟ್ಟಿ ಎರಡೇ. ಒಂದರಲ್ಲಿ ಮದ್ದು, ಒಂದರಲ್ಲಿ ಉಪ್ಪುನೀರು. ಎರಡಕ್ಕೂ ಕಂಬಳಿ, ಎರಡಕ್ಕೂ ತೂಗಿದ ಹುಳು. ಆದರೆ ಯಾವುದು ಯಾವ ತೊಟ್ಟಿಯೆಂದು ಡಾಕ್ಟರಮ್ಮ ಹೇಳಲಿಲ್ಲ. ಹೆಸರುಪಟ್ಟಿಯ ಮೇಲೆ ಕಪ್ಪು ಟೇಪು ಅಂಟಿಸಿ, ಮೂವತ್ತು ದಿನ ಇದನ್ನು ಕೀಳಬಾರದು ಎಂದಳು. ಹತ್ತೊಂಬತ್ತು ವರ್ಷ ಸಿಗಡಿಯ ಕಣ್ಣು ಕಿತ್ತವಳಿಗೆ ಸಿಗಡಿಗಳ ಮುಂದೆಯೇ ಕಣ್ಣು ಕಟ್ಟಿದ ಹಾಗಾಯಿತು. ಅಕ್ಕ ಸುಮ್ಮನೆ ಕೂರುವ ಪೈಕಿಯೇ? ಚಹಾ ಕೊಟ್ಟು ಬಾಯಿ ಬಿಡಿಸಲು ನೋಡಿದಳು, ಎಡಗಡೆಯವು ಬಡವಾಗಿವೆಯಲ್ಲ ಎಂದು ಗಾಳ ಹಾಕಿದಳು. ಹುಡುಗಿ ಚಹಾ ಕುಡಿದಳು, ಬಾಯಿ ಬಿಡಲಿಲ್ಲ. ಯಾರು ಬಡಪಾಯಿ ಎಂದು ಗೊತ್ತಾಗದ ಮೇಲೆ ಅಕ್ಕನ ಕೈಗೆ ಒಂದು ಕಡೆ ಚಾಚಲು ದಾರಿಯೇ ಉಳಿಯಲಿಲ್ಲ. ವಿಧಿಯಿಲ್ಲದೆ ಅವಳು ಇಪ್ಪತ್ತನ್ನೂ ಬಡಪಾಯಿ ಎಂದೇ ಸಾಕಿದಳು. ಹಾಗೆ ಸಾಕುವಾಗ ಈವರೆಗೆ ತಾನು ಎಷ್ಟು ಬೆನ್ನುಗಳ ಮೇಲೆ ಟಾರ್ಚು ಹಾಯಿಸದೆ ಬಿಟ್ಟಿದ್ದೇನೆ ಎಂಬುದು ಅವಳಿಗೆ ಹೊಳೆಯಿತು.

ಟೇಪು ಕಿತ್ತ ದಿನ ಎಡಗಡೆಯದು ಉಪ್ಪುನೀರು, ಐದು. ಬಲಗಡೆಯದು ಮದ್ದು, ಒಂಬತ್ತು. ಸತ್ತದ್ದು ಒಂದೂ ಇಲ್ಲ, ಇಪ್ಪತ್ತು ಹೆಣ್ಣುಗಳಿಗೂ ಎರಡೆರಡು ಕಣ್ಣು. ಡಾಕ್ಟರಮ್ಮ ಕುಣಿದಳು, ಆದರೆ ಶಬ್ದವಾಗದ ಹಾಗೆ ಕುಣಿದಳು. ಧಣಿ ಇಕ್ಕಳವನ್ನು ಗುಜರಿಗೆ ಹಾಕಿಸಿದ. ಅಕ್ಕ ಶೆಡ್ಡಿಗೆ ಹೋಗಲು ಕೈಚೀಲ ಹಿಡಿದು ನಿಂತಿದ್ದಳು. ಆಗ ಡಾಕ್ಟರಮ್ಮ ಧಣಿಗೆ ಹೇಳಿದಳು, ಮದ್ದು ಚೀಟಿ ಹರಿಯುತ್ತದೆ ಅಷ್ಟೇ, ಯಾವ ಬೆನ್ನು ಇವತ್ತಿನದು ಯಾವುದು ನಾಳಿದ್ದಿನದು ಎಂದು ಹೇಳಲು ಅದಕ್ಕೆ ಬಾಯಿಲ್ಲ, ಟಾರ್ಚು ಹಿಡಿಯುವವರು ಬೇಕು ಎಂದು. ಉಪ್ಪುನೀರಿನ ಐದು ಯಾರ ಕೈಗುಣ ಎಂದೂ ಕೇಳಿದಳು. ಧಣಿ ತಲೆ ಕೆರೆದುಕೊಂಡು ಹೊರಗೆ ಹೋದ. ಕೈಚೀಲ ಮೊಳೆಗೆ ಮರಳಿತು. ಇಕ್ಕಳ ಹೋದರೂ ಇಕ್ಕಳದಕ್ಕ ಎಂಬ ಹೆಸರು ಹೋಗಲಿಲ್ಲ.

ಅಂದು ಮನೆಗೆ ಹೋಗುವಾಗ ಅಕ್ಕ ಕಪ್ಪು ಟೇಪಿನ ಉಳಿದ ಸುರುಳಿಯನ್ನು ಕೇಳಿ ಇಸಿದುಕೊಂಡಳು. ಯಾತಕ್ಕೆಂದು ಹೇಳಲಿಲ್ಲ.

ಮರುದಿನ ಮಧ್ಯಾಹ್ನ, ಅಂದರೆ ಕೋಣೆಯ ನಡುರಾತ್ರಿ ಕಳೆದ ಮೇಲೆ, ಮೂಲೆಯಲ್ಲಿದ್ದ ಡಾಕ್ಟರಮ್ಮನ ಮೇಜಿನ ಫೋನು ಬಡಿದುಕೊಂಡಿತು. ಅಕ್ಕ ಎತ್ತಿದರೆ ಆ ಕಡೆ ದೋಣಿ ಕಟ್ಟೆಯಿಂದ ಹಿರಿಯವಳು.

"ಅಮ್ಮ, ಡಬ್ಬಿ ಮುಚ್ಚಳದ ಮೇಲೆ ಟೇಪ್ ಯಾಕೆ ಅಂಟಿಸಿದೀಯ?"

"ಗುರುತು ಕಾಣ್ಬಾರ್ದು ಅಂತ. ನೀವೇ ಕೈಗೆ ಸಿಕ್ಕಿದ್ದು ಎತ್ಕೊಂಡು ಹೋದ್ರಿ."

ಆ ಕಡೆ ಟೇಪು ಕೀಳುವ ಸದ್ದು ಕೇಳಿಸಿತು. "ಇದು ಅವಳ ಡಬ್ಬಿ. ಎರಡು ಗೆರೆ ಇದೆ. ಒಳಗೆ ಎರಡು ಮೊಟ್ಟೆ."

"ಇರ್ಬಹುದು."

"ಹಾಗಾದ್ರೆ ನನ್ನ ಡಬ್ಬೀಲಿ ಎಷ್ಟಿದೆ?"

"ತಂಗಿನ ಕೇಳು. ತುಂಬುವಾಗ ಯಾವುದು ಯಾರದು ಅಂತ ನಂಗೂ ಗೊತ್ತಿರ್ಲಿಲ್ಲ, ಎಲ್ಲಾ ಡಬ್ಬಿಗೂ ಒಂದೇ ಲೆಕ್ಕ."

ಹಿರಿಯವಳು ತಂಗಿಯನ್ನು ಕೇಳುವ ಗೋಜಿಗೆ ಹೋಗಲಿಲ್ಲ. ಬಾಯಿ ತುಂಬಿದ ದನಿಯಲ್ಲಿ, "ಎರಡೂ ತಿಂದಾಯ್ತು, ವಾಪಸ್ ಕೇಳ್ಬೇಡ" ಎಂದಳು. ಸರದಿಯಲ್ಲಿ ಯಾರೋ ಟಿಕೆಟ್ ಎಂದು ಕೂಗಿದರು, ಅವಳು ಫೋನು ಇಡಲಿಲ್ಲ. ಅಕ್ಕನೂ ಇಡಲಿಲ್ಲ. ಮಗಳು ಅಗಿಯುವ ಸದ್ದನ್ನು ಕೇಳುತ್ತ, ಆ ಕತ್ತಲ ಕೋಣೆಯಲ್ಲಿ ಯಾರಿಗೂ ಕಾಣದೆಂಬ ಧೈರ್ಯದಲ್ಲಿ, ಸೆರಗಿನಿಂದ ಎರಡೂ ಕಣ್ಣು ಒರೆಸಿಕೊಂಡಳು.